ಚಾಕು ಮಸೆಯುವ ಹವ್ಯಾಸದಿಂದ ಸಂಪಾದನೆ ಆಗುತ್ತದೆಯೇ?

ಪ್ರಶ್ನೆ: ಮುಂಬೈನ ಮುಲುಂಡ್‌ನಲ್ಲಿ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೇನೆ. ಊರು ಕುಂದಾಪುರದ ಹತ್ತಿರ. ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳಿಂದ ಚಾಕು ಮಸೆಯುವ ಹುಚ್ಚು ಹತ್ತಿದೆ. 1000 ಮತ್ತು 6000 ಗ್ರಿಟ್‌ನ ಕಲ್ಲು (ಅಂಕಿ ಹೆಚ್ಚಿದಷ್ಟೂ ಕಲ್ಲು ನಯ), ಒಂದು ಚರ್ಮದ ಪಟ್ಟಿ ಇವೆ. ನನ್ನ ಚಾಕು ತೆಳು ಕಾಗದವನ್ನು ಸದ್ದಿಲ್ಲದೆ ಸೀಳುತ್ತದೆ. ಕಟ್ಟಡದವರು, ಕನ್ನಡ ಸಂಘದ ಪರಿಚಯದವರು ‘ನಮ್ಮದೂ ಮಾಡಿಕೊಡಿ, ದುಡ್ಡು ತಗೊಳ್ಳಿ’ ಎನ್ನುತ್ತಿದ್ದಾರೆ. ಉಡುಪಿ ಹೋಟೆಲ್ ನಡೆಸುವ ಶೆಟ್ಟರೊಬ್ಬರು ವಾರಕ್ಕೆ ಹದಿನೈದು ಚಾಕು ಕೊಡುತ್ತೇನೆ ಎಂದಿದ್ದಾರೆ. ಇಷ್ಟಕ್ಕೆ ಬೆಲ್ಟ್ ಮೆಷಿನ್ (ಮರಳುಕಾಗದದಂಥ ಪಟ್ಟಿ ತಿರುಗುವ ಯಂತ್ರ) ಕೊಳ್ಳಬೇಕೇ? ನಮ್ಮ ಬೀದಿಗೆ ಬರುವ, ಸಾಣೆ ಹಿಡಿಯುವ ಧಾರ್‌ವಾಲಾ 30 ರೂಪಾಯಿಗೆ ಮಾಡಿಕೊಡುತ್ತಾರೆ. ನಾನು ಎಷ್ಟು ಕೇಳಲಿ? ಲೈಸೆನ್ಸ್ ಬೇಕೇ? ಯಾರದ್ದಾದರೂ ದುಬಾರಿ ಚಾಕು ಹಾಳಾದರೆ ಏನು ಮಾಡಲಿ? ಹೆಂಡತಿ ‘ಸುಮ್ನೆ ತಲೆನೋವು’ ಅನ್ನುತ್ತಾಳೆ. ಕೆಲಸ ಬಿಡುವ ಯೋಚನೆ ಇಲ್ಲ.
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಪ್ರಶ್ನೆಗಳು ಐದಾರು ಇದ್ದರೂ ನಿಮ್ಮ ಚಿಂತೆ ಒಂದೇ ಅನಿಸಿತು. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಬೇರೆಯವರಿಂದ ದುಡ್ಡು ತೆಗೆದುಕೊಳ್ಳುವಷ್ಟು ಕೈ ಕುದುರಿದೆಯೇ, ಇಲ್ಲವೇ? ಧೈರ್ಯವಾಗಿ ಶುರು ಮಾಡಿ. ಆದರೆ ಈಗಲೇ ಮೆಷಿನ್ ಬೇಡ. ಶೆಟ್ಟರ ಹದಿನೈದು ಚಾಕುವನ್ನು ಮೊದಲ ವಾರವೇ ಒಪ್ಪಿಕೊಳ್ಳುವುದೂ ಬೇಡ. ಯಾಕೆ ಅಂತ ಹೇಳುತ್ತೇನೆ. ಥಾಣೆಯ ವಾಗ್ಳೆ ಎಸ್ಟೇಟ್‌ನ ಟೂಲ್‌ರೂಮ್‌ನಲ್ಲಿ ಗ್ರೈಂಡಿಂಗ್ ಕಲಿತು, ಆಮೇಲೆ ಹೋಟೆಲ್ ಅಡುಗೆಮನೆಗಳ ಚಾಕು ನೋಡಿಕೊಂಡು ಬಂದವನು ನಾನು. ಹವ್ಯಾಸದಿಂದ ಈ ಕೆಲಸಕ್ಕೆ ಬಂದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಅವರು ಎಡವುವ ಜಾಗ ಇದು. ನೀವು ಇದುವರೆಗೆ ಮಸೆದಿರುವುದು ನಿಮ್ಮದೇ ಚಾಕುಗಳನ್ನು. ಅವು ಒಳ್ಳೆಯ ಚಾಕುಗಳು, ಒಳ್ಳೆಯ ಸ್ಥಿತಿಯಲ್ಲಿರುವ ಚಾಕುಗಳು. ಸ್ವಲ್ಪ ಮಂಕಾದ ಕೂಡಲೇ 1000ದ ಕಲ್ಲಿನ ಮೇಲೆ ಕೂರಿಸಿ, 6000ದಲ್ಲಿ ನಯ ಮಾಡಿ, ಚರ್ಮಕ್ಕೆ ನಾಲ್ಕು ಸಲ ಎಳೆಯುತ್ತೀರಿ. ದುಡ್ಡು ಕೊಟ್ಟು ಮಾಡಿಸುವವರ ಚಾಕು ಹಾಗೆ ಬರುವುದಿಲ್ಲ. ಮೊನೆ ಮುರಿದಿರುತ್ತದೆ, ಡಬ್ಬದ ಮುಚ್ಚಳ ಎಬ್ಬಿಸಿರುತ್ತಾರೆ. ತೆಂಗಿನಕಾಯಿ ಒಡೆಯಲು ಹೋಗಿ ಅಲಗಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಬಿದ್ದಿರುತ್ತದೆ. ವರ್ಷಗಟ್ಟಲೆ ಗ್ರೈಂಡರ್‌ಗೆ ಕೊಟ್ಟ ಚಾಕುವಿನಲ್ಲಿ ಹಿಡಿಯ ಪಕ್ಕ ಅಂಚು ಒಳಗೆ ಬಾಗಿ, ಹಲಗೆಗೆ ತಾಗುವುದೇ ಇಲ್ಲ. ಇನ್ನು ಕೆಲವು ಸವೆದು ಸವೆದು ಅಂಚಿನ ಹಿಂದೆ ದಪ್ಪವಾಗಿರುತ್ತವೆ. ಅಂಥದ್ದಕ್ಕೆ ಎಷ್ಟು ಹರಿತ ಕೊಟ್ಟರೂ ಕ್ಯಾರೆಟ್ ಕತ್ತರಿಸುವಾಗ ಬೆಣೆ ಹೊಡೆದಂತೆ ಸೀಳುತ್ತದೆ.

ಹಾಗಾಗಿ ಈ ಕಸುಬಿನಲ್ಲಿ ಹೆಚ್ಚಿನ ಹೊತ್ತು ಹೋಗುವುದು 220ರಿಂದ 400 ಗ್ರಿಟ್‌ನ ಒರಟು ಕಲ್ಲಿನ ಮೇಲೆ. ಅದೇ ಕಲ್ಲು ನಿಮ್ಮ ಹತ್ತಿರ ಇಲ್ಲ. ಮೊದಲು ಕೊಳ್ಳಬೇಕಾದ್ದು ಅದನ್ನು. ಮಸೀದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟ್‌ನಲ್ಲಿ ಕಾರ್ಬೊರಂಡಮ್ ಕಲ್ಲು, ಡೈಮಂಡ್ ಪ್ಲೇಟ್ ಕೇಳಿ ನೋಡಿ. ಒರಟು ಕಲ್ಲು ಬೇಗ ಸವೆದು ನಡುವೆ ತಗ್ಗಾಗುತ್ತದೆ. ತಗ್ಗು ಬಿದ್ದ ಕಲ್ಲಿನ ಮೇಲೆ ಅಲಗು ಹಿಡಿದ ಕೋನ ನಿಲ್ಲುವುದಿಲ್ಲ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಹಾಸಿ, ನೀರು ಹಾಕಿ, ಕಲ್ಲನ್ನು ತಿಕ್ಕಿ ಆಗಾಗ ಸಮ ಮಾಡಿಕೊಳ್ಳಿ. ಪೆನ್ಸಿಲ್‌ನಲ್ಲಿ ಕಲ್ಲಿನ ಮೇಲೆ ಗೆರೆ ಎಳೆದು ತಿಕ್ಕಿದರೆ ಎಲ್ಲಿ ತಗ್ಗಿದೆ ಗೊತ್ತಾಗುತ್ತದೆ. ಅಲ್ಲಿ ಗೆರೆ ಕೊನೆಗೆ ಅಳಿಯುತ್ತದೆ.

ಒಂದು ಪರೀಕ್ಷೆ ಹೇಳುತ್ತೇನೆ. ಕಟ್ಟಡದವರಿಂದ ಅವರ ಮನೆಯ ಅತಿ ಕೆಟ್ಟ ಚಾಕುಗಳನ್ನು ಕೇಳಿ ತನ್ನಿ. ದುಡ್ಡು ಬೇಡ ಅನ್ನಿ. ಪ್ರತಿಯೊಂದಕ್ಕೂ ಎಷ್ಟು ಹೊತ್ತಾಯಿತು, ಏನು ದೋಷ ಇತ್ತು ಅಂತ ಬರೆದಿಡಿ. ಅಕೌಂಟ್ಸ್‌ನವರಿಗೆ ಇದು ಕಷ್ಟವಲ್ಲ. ಹಿಂದಿರುಗಿಸಿದ ಎರಡು ವಾರಕ್ಕೆ ಹೋಗಿ ಟೊಮೆಟೊ ಕತ್ತರಿಸಿ ನೋಡಿ. ಮಸೆದ ಕೂಡಲೇ ಯಾರ ಚಾಕುವಾದರೂ ಹರಿತ ಇರುತ್ತದೆ. ಎರಡು ವಾರದ ಮೇಲೂ ಸಿಪ್ಪೆಗೆ ಹಿಡಿಯುತ್ತಿದ್ದರೆ ನಿಮ್ಮ ಕೆಲಸಕ್ಕೆ ಬೆಲೆ ಇದೆ.

ಮಸೆದ ಚಾಕು ಎರಡೇ ದಿನಕ್ಕೆ ಮೊಂಡಾಗುವುದಕ್ಕೆ ಸಾಮಾನ್ಯ ಕಾರಣ ಬರ್ ಉಳಿದುಬಿಡುವುದು. ಒಂದು ಬದಿ ಮಸೆಯುವಾಗ ಲೋಹ ಇನ್ನೊಂದು ಬದಿಗೆ ತೆಳ್ಳಗೆ ಮಡಚಿಕೊಳ್ಳುತ್ತದಲ್ಲ, ಅದು. ಅದು ಕಾಗದವನ್ನು ಚೆನ್ನಾಗಿಯೇ ಸೀಳುತ್ತದೆ. ನಾಲ್ಕು ಈರುಳ್ಳಿ ಹೆಚ್ಚುವಷ್ಟರಲ್ಲಿ ಬಗ್ಗಿಬಿಡುತ್ತದೆ. ಆದ್ದರಿಂದ ಕಾಗದದ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬೇಡಿ. ಕೊನೆಯ ಎಳೆತಗಳಲ್ಲಿ ಭಾರ ತೀರಾ ಕಡಿಮೆ ಮಾಡಿ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಎಳೆದು ಬರ್ ತೆಗೆಯಿರಿ.

ಕನ್ನಡಿಯ ಹಾಗೆ ಹೊಳೆಯುವ ಅಂಚೇ ಹರಿತ ಎಂಬ ನಂಬಿಕೆಯನ್ನೂ ಬಿಡಿ. ಅಡುಗೆಮನೆಯ ಸಾಮಾನ್ಯ ಸ್ಟೇನ್‌ಲೆಸ್ ಚಾಕುವಿಗೆ 1000ದಲ್ಲಿ ನಿಲ್ಲಿಸಿ ಬರ್ ಪೂರ್ತಿ ತೆಗೆದರೆ ಸಾಕು. ಆ ಅಂಚಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಹಲ್ಲುಗಳಿರುತ್ತವೆ. ಟೊಮೆಟೊ, ದೊಣ್ಣೆಮೆಣಸಿನಕಾಯಿ ಸಿಪ್ಪೆಗೆ ಅವೇ ಹಿಡಿಯುವುದು. 6000 ನಿಮ್ಮ ಸ್ವಂತ ಖುಷಿಗೆ ಇರಲಿ. ‘ಸ್ಟೇನ್‌ಲೆಸ್‌ಗೆ ಧಾರ್ ನಿಲ್ಲಲ್ಲ’ ಎಂಬ ಮಾತೂ ಅರ್ಧ ಸತ್ಯ. ಅಗ್ಗದ ಚಾಕುವಿನ ಉಕ್ಕು ಮೆತ್ತಗಿರುತ್ತದೆ. ಅದಕ್ಕೆ ಒಂದು ಬದಿಗೆ 15 ಡಿಗ್ರಿ ಕೋನ ಕೊಟ್ಟರೆ ಅಂಚು ಬಗ್ಗುತ್ತದೆ, 20 ಡಿಗ್ರಿ ಕೊಟ್ಟರೆ ನಿಲ್ಲುತ್ತದೆ. ಅಲಗು 45 ಮಿಲಿಮೀಟರ್ ಅಗಲ ಇದ್ದರೆ, 15 ಡಿಗ್ರಿಗೆ ಬೆನ್ನು ಕಲ್ಲಿನಿಂದ ಸುಮಾರು 12 ಮಿಲಿಮೀಟರ್ ಮೇಲಿರಬೇಕು, 20 ಡಿಗ್ರಿಗೆ ಸುಮಾರು 15. ಮರದ ಎರಡು ಸಣ್ಣ ತುಂಡು ಈ ಅಳತೆಗೆ ಮಾಡಿಟ್ಟುಕೊಂಡು, ಶುರುವಿನಲ್ಲಿ ಬೆನ್ನಿನ ಕೆಳಗೆ ಇಟ್ಟು ನೋಡಿಕೊಳ್ಳಿ. ಬೇರೆ ಬೇರೆ ಮನೆಯ ಚಾಕು ಬರುವಾಗ ಬರೀ ಕೈ ಅಂದಾಜು ಮೋಸ ಮಾಡುತ್ತದೆ.

ಈಗ ಮೆಷಿನ್ ವಿಷಯ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ.

ಚಾಕುವಿನ ಉಕ್ಕನ್ನು ಕಾಯಿಸಿ, ತಟ್ಟನೆ ತಣಿಸಿ ಗಟ್ಟಿ ಮಾಡುತ್ತಾರೆ. ಆಗ ಅದು ಗಾಜಿನ ಹಾಗೆ ಪೆಡಸಾಗುತ್ತದೆ. ಆಮೇಲೆ ಕಡಿಮೆ ಶಾಖದಲ್ಲಿ, ಅಡುಗೆ ಚಾಕುಗಳಿಗೆ ಹೆಚ್ಚಾಗಿ 150ರಿಂದ 250 ಡಿಗ್ರಿ ಸೆಲ್ಸಿಯಸ್ ಒಳಗೆ, ಹದ ಮಾಡುತ್ತಾರೆ. ಮುಂದೆ ಯಾವಾಗಲಾದರೂ ಅದಕ್ಕಿಂತ ಹೆಚ್ಚು ಬಿಸಿಯಾದರೆ ಹದ ಕೆಟ್ಟು ಉಕ್ಕು ಮೆತ್ತಗಾಗುತ್ತದೆ. ಮಾಮೂಲಿ ಬೆಂಚ್ ಗ್ರೈಂಡರ್ ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗುತ್ತದೆ. ಅಂಚು ಕೂದಲಿನಷ್ಟು ತೆಳು. ಬಿಸಿ ಅಲ್ಲಿಂದ ಹರಿದು ಹೋಗಲು ಲೋಹವೇ ಇಲ್ಲ. ಕೈಗೆ ಅಲಗು ಬೆಚ್ಚಗೆ ಅನಿಸುವ ಹೊತ್ತಿಗೆ ಅಂಚಿನ ಶಾಖ ಎಷ್ಟೋ ಮೇಲೆ ಹೋಗಿರುತ್ತದೆ. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300 ಡಿಗ್ರಿ ಆಸುಪಾಸಿನಲ್ಲಿ ನೀಲಿಯಾಗುತ್ತದೆ. ನೀಲಿ ಬಣ್ಣವನ್ನು ಉಜ್ಜಿ ತೆಗೆಯಬಹುದು. ಹೋದ ಹದ ಉಜ್ಜಿದರೆ ಬರುವುದಿಲ್ಲ. ಆ ಭಾಗದ ಲೋಹವನ್ನೇ ತಣ್ಣಗೆ ಸವೆಸಿ ತೆಗೆಯಬೇಕು. ಗಿರಾಕಿಗೆ ಇದು ಗೊತ್ತಾಗದೇ ಇರಬಹುದು. ‘ಇವರ ಧಾರ್ ಒಂದು ವಾರ ಬರಲ್ಲ’ ಅನ್ನುವುದು ಮಾತ್ರ ಖಂಡಿತ ಗೊತ್ತಾಗುತ್ತದೆ.

ಬೆಲ್ಟ್ ಮೆಷಿನ್ ಗ್ರೈಂಡರ್‌ಗಿಂತ ಸ್ವಲ್ಪ ಮೇಲು. ಆದರೂ ಒಣ ಬೆಲ್ಟ್ ಬಿಸಿ ಮಾಡಿಯೇ ಮಾಡುತ್ತದೆ. ಇನ್ನೊಂದು ಅಪಾಯ, ಒಂದು ಕ್ಷಣ ಹೆಚ್ಚು ಒತ್ತಿದರೂ ಅಲಗಿನಲ್ಲಿ ತಗ್ಗು ಬೀಳುತ್ತದೆ. ಕಲ್ಲಿನ ಮೇಲೆ ತಪ್ಪು ಮಾಡಲು ಹತ್ತು ನಿಮಿಷ ಬೇಕು. ಬೆಲ್ಟ್ ಮೇಲೆ ಎರಡು ಸೆಕೆಂಡ್ ಸಾಕು. ಆರೇಳು ತಿಂಗಳು ಕೆಲಸ ನಡೆದು, ಒರಟು ಕಲ್ಲಿನ ಕೆಲಸವೇ ಹೊತ್ತು ತಿನ್ನುತ್ತಿದೆ ಅನ್ನುವುದು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಕಂಡರೆ, ಆಗ ನೀರಿನಲ್ಲಿ ನಿಧಾನಕ್ಕೆ ತಿರುಗುವ ಚಕ್ರದ ಮೆಷಿನ್ ನೋಡಿ. ಅದು ನಿಮಿಷಕ್ಕೆ ಸುಮಾರು ನೂರು ಸುತ್ತು ಅಷ್ಟೇ. ಬಿಸಿ ಇಲ್ಲ, ಕಿಡಿ ಇಲ್ಲ, ಸದ್ದೂ ಕಡಿಮೆ. ಬಾಡಿಗೆ ಫ್ಲ್ಯಾಟ್‌ನಲ್ಲಿರುವ ನಿಮಗೆ ಸದ್ದು ಸಣ್ಣ ವಿಷಯ ಅಲ್ಲ.

ಶೆಟ್ಟರ ಹೋಟೆಲ್ ಒಳ್ಳೆಯ ಅವಕಾಶ. ಆದರೆ ಹೋಟೆಲ್ ಮತ್ತು ಮನೆ ಎರಡು ಬೇರೆ ಲೋಕ. ಅಲ್ಲಿ ಬೆಳಗಿನ ಜಾವದಿಂದ ಮೂಟೆಗಟ್ಟಲೆ ಈರುಳ್ಳಿ ಹೆಚ್ಚುತ್ತಾರೆ. ಎಷ್ಟೋ ಕಡೆ ಸ್ಟೀಲ್ ಮೇಜಿನ ಮೇಲೆಯೇ ಹೆಚ್ಚುವುದು. ಅಲ್ಲಿ ಅಂಚಿಗೆ ನಾಲ್ಕು ದಿನ ಆಯಸ್ಸು ಇದ್ದರೆ ಹೆಚ್ಚು. ವಾರಕ್ಕೊಮ್ಮೆ ಮಾಡಿಕೊಟ್ಟರೂ ಮೂರು ದಿನ ಅವರು ಮೊಂಡು ಚಾಕುವಿನಲ್ಲೇ ಕೆಲಸ ಮಾಡುತ್ತಾರೆ, ಬೈಗುಳ ನಿಮಗೆ ಬರುತ್ತದೆ. ಇದಕ್ಕೆ ದಾರಿ ಇದೆ. ಮಾಲೀಕರ ಜೊತೆ ಮಾತಾಡಿದ ಮೇಲೆ, ತರಕಾರಿ ಹೆಚ್ಚುವ ಹುಡುಗನ ಪಕ್ಕ ಅರ್ಧ ಗಂಟೆ ನಿಲ್ಲಿ. ಯಾವ ಚಾಕು ಅವನ ಕೈಯಲ್ಲಿ ಇಡೀ ದಿನ ಇರುತ್ತದೆ ನೋಡಿ. ಹದಿನೈದರಲ್ಲಿ ದಿನಾ ದುಡಿಯುವುದು ಐದಾರೇ ಇರುತ್ತವೆ. ಅವನ್ನಷ್ಟೇ ಮೊದಲು ಒಪ್ಪಿಕೊಳ್ಳಿ. ಸೆರಾಮಿಕ್ ರಾಡ್ ಒಂದನ್ನು ಅವರಿಂದಲೇ ಕೊಡಿಸಿ, ದಿನಾ ಕೆಲಸಕ್ಕೆ ಮುಂಚೆ ಹಗುರವಾಗಿ ನಾಲ್ಕು ಸಲ ಎಳೆಯುವುದನ್ನು ಆ ಹುಡುಗನಿಗೆ ತೋರಿಸಿಕೊಡಿ. ಬಗ್ಗಿದ ಅಂಚು ನೇರವಾಗುತ್ತದೆ, ನಿಮ್ಮ ಕೆಲಸದ ಆಯಸ್ಸೂ ಹೆಚ್ಚುತ್ತದೆ. ಪ್ಲಾಸ್ಟಿಕ್ ಅಥವಾ ಮರದ ಹಲಗೆ ಇಡಿಸಿದರೆ ಇನ್ನೂ ಒಳ್ಳೆಯದು.

ಎರಡು ಸೆಟ್ ಇಟ್ಟುಕೊಂಡು ಅದಲು ಬದಲು ಮಾಡುವ ಪದ್ಧತಿಯೂ ಇದೆ. ಹರಿತವಾದ ಸೆಟ್ ಕೊಟ್ಟು ಮೊಂಡಾದ್ದನ್ನು ತರುವುದು. ಹೋಟೆಲ್‌ಗೆ ಇದು ತುಂಬಾ ಅನುಕೂಲ. ಆದರೆ ಎರಡನೇ ಸೆಟ್ಟಿಗೆ ಯಾರು ದುಡ್ಡು ಹಾಕುತ್ತಾರೆ, ಕಳೆದರೆ ಯಾರ ಹೊಣೆ ಎಂಬುದು ಮೊದಲೇ ತೀರ್ಮಾನ ಆಗಿರಲಿ. ಹೋಟೆಲ್‌ಗೆ ಹೋಗುವುದಾದರೆ ಮಧ್ಯಾಹ್ನದ ಊಟ ಮುಗಿದು ಸಂಜೆ ತಿಂಡಿ ಶುರುವಾಗುವ ನಡುವಿನ ಹೊತ್ತಿಗೆ ಹೋಗಿ. ನಿಮಗೆ ಆಫೀಸ್ ಇರುವುದರಿಂದ ಅದು ಶನಿವಾರ ಭಾನುವಾರವಷ್ಟೇ ಸಾಧ್ಯ. ಪರಿಚಯದವರು ಅಂತ ಬಾಕಿ ಬೆಳೆಯಲು ಬಿಡಬೇಡಿ. ಆ ದಿನದ ದುಡ್ಡು ಆ ದಿನವೇ ಬರಲಿ.

ಬೆಲೆ ಎಷ್ಟು? ನಿಮ್ಮದೇ ಲೆಕ್ಕ ಹಾಕೋಣ. ಒಂದು ಚಾಕುವನ್ನು ಪಡೆದು, ತೊಳೆದು, ಮಸೆದು, ಮತ್ತೆ ತೊಳೆದು ಒರೆಸಿ ಸುತ್ತಿ ಕೊಡಲು 25 ನಿಮಿಷ ಅಂದುಕೊಳ್ಳಿ. ಗಂಟೆಗೆ ಎರಡೂವರೆ ಚಾಕು ಕೂಡ ಆಗುವುದಿಲ್ಲ. 30 ರೂಪಾಯಿಯಂತೆ ಗಂಟೆಗೆ 72 ರೂಪಾಯಿ. ಕಲ್ಲಿನ ಸವೆತ, ರಿಕ್ಷಾ ಖರ್ಚು ಇದರಲ್ಲಿ ಹೋಗಬೇಕು. 120 ರೂಪಾಯಿ ಇಟ್ಟರೆ ಗಂಟೆಗೆ 288 ಆಗುತ್ತದೆ. ಮುಲುಂಡ್‌ನಂಥ ಜಾಗದಲ್ಲಿ ಕೈಕೆಲಸಕ್ಕೆ 100ರಿಂದ 150 ಕೇಳುವುದು ನ್ಯಾಯ ಅಂತ ನನಗೆ ಅನಿಸುತ್ತದೆ. ಮುರಿದ ಮೊನೆ, ಕಚ್ಚು ಸರಿ ಮಾಡುವುದಕ್ಕೆ ಬೇರೆ ದರ ಇರಲಿ. ಒಂದೇ ಚಾಕುವಿಗಾಗಿ ಮನೆಗೆ ಹೋಗಬೇಡಿ. ನಾಲ್ಕು ಸೇರಿದರೆ ಮಾತ್ರ ಬರುತ್ತೇನೆ ಅನ್ನಿ.

ಬೀದಿಯ ಸಾಣೆಯವರ ಜೊತೆ ಬೆಲೆಯ ಪೈಪೋಟಿಗೆ ಇಳಿಯಲೇಬೇಡಿ. ಸೈಕಲ್ ಪೆಡಲ್ ತುಳಿದು ಚಕ್ರ ತಿರುಗಿಸಿ ಐದು ನಿಮಿಷದಲ್ಲಿ ಕೆಲಸ ಮುಗಿಸುವ ಆ ಮನುಷ್ಯನ ಹೊಟ್ಟೆಪಾಡು ಅದು. ನಿಮಗೆ ಸಂಬಳ ಇದೆ. ಅವರ ಕೆಲಸ ಬೇರೆ, ನಿಮ್ಮದು ಬೇರೆ. ಮೀನು ಮಾರುವ ಕೋಲಿ ಸಮುದಾಯದ ಹೆಂಗಸರ ಕೊಯ್ತಾ (ಕತ್ತಿ), ಮಟನ್ ಅಂಗಡಿಯ ಸತ್ತೂರ್ (ಮಾಂಸ ಕಡಿಯುವ ಮಚ್ಚು) ಸಾಣೆಯವರ ಚಕ್ರಕ್ಕೇ ಸರಿ. ನಿಮ್ಮ ನೀರುಕಲ್ಲು ಅದಕ್ಕೆ ತಡೆಯುವುದಿಲ್ಲ. ಅಂಥ ಗಿರಾಕಿ ಬಂದರೆ ಅವರ ಕಡೆ ಕಳಿಸಿ.

ಇನ್ನೂ ಕೆಲವನ್ನು ಶುರುವಿನಲ್ಲಿ ಬೇಡ ಅನ್ನಬೇಕು. ಸಲೂನ್ ಕತ್ತರಿ ಬೇಡ. ಅದರ ಅಂಚು ಹೊರಗೆ ಉಬ್ಬಿಕೊಂಡ ಆಕಾರದ್ದು, ಬೆಲೆ ಜಾಸ್ತಿ, ಅದಕ್ಕೆ ಬೇರೆ ತರಬೇತಿ ಬೇಕು. ಸೆರಾಮಿಕ್ ಚಾಕುವಿಗೆ ಡೈಮಂಡ್ ಬಿಟ್ಟು ಬೇರೇನೂ ಹತ್ತುವುದಿಲ್ಲ, ಸುಲಭಕ್ಕೆ ಚಕ್ಕೆ ಏಳುತ್ತದೆ. ಮಿಕ್ಸರ್ ಜಾರ್‌ನ ಬ್ಲೇಡ್ ಬಿಚ್ಚಿ ಹಾಕಿದ ಮೇಲೆ ಜಾರ್ ಸೋರಿದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ. ಟೇಲರ್ ಕತ್ತರಿ ಕಲಿಯಬಹುದು. ಆದರೆ ಒಳಮುಖವನ್ನು ಚಪ್ಪಟೆ ಮಾಡಿದಿರೋ ಕತ್ತರಿ ಕೆಟ್ಟಿತು. ಎರಡು ಅಲಗೂ ಸ್ವಲ್ಪ ಬಾಗಿದ್ದು, ಮುಚ್ಚುವಾಗ ಒಂದು ಸಲಕ್ಕೆ ಒಂದೇ ಜಾಗದಲ್ಲಿ ತಾಗುತ್ತಾ ಹೋಗುವುದರಿಂದಲೇ ಬಟ್ಟೆ ಕತ್ತರಿಸುತ್ತದೆ.

ನಮ್ಮವರ ಮನೆಗಳಲ್ಲಿ ಹೆಚ್ಚಾಗಿ ಸಿಗುವ ಕೆಲಸ ಒಂದಿದೆ, ಈಳಿಗೆ ಮಣೆ ಮತ್ತು ಹೆರೆಮಣೆ. ಊರಿಂದ ತಂದ ಮೆಟ್ಟುಕತ್ತಿ (ಈಳಿಗೆ) ಮುಂಬೈನ ಎಷ್ಟೋ ಕನ್ನಡ ಮನೆಗಳಲ್ಲಿ ಮೊಂಡಾಗಿ ಮೂಲೆ ಸೇರಿದೆ. ಅದನ್ನು ಕಲ್ಲಿನ ಮೇಲೆ ಎಳೆಯಲು ಆಗುವುದಿಲ್ಲ. ಮಣೆಯನ್ನು ಅಲ್ಲಾಡದ ಹಾಗೆ ಬಿಗಿದು, ಸಣ್ಣ ಕಲ್ಲನ್ನು ಕೈಯಲ್ಲಿ ಹಿಡಿದು ಅಲಗಿನ ಬಾಗಿನ ಗುಂಟ ಆಡಿಸಬೇಕು. ಕಾಯಿ ತುರಿಯುವ ಹಲ್ಲಿಗೆ ಮೂರು ಮೂಲೆಯ ಸಣ್ಣ ಅರ ಬೇಕು, ಹಲ್ಲಿನ ಸಂದಿಯಲ್ಲಿ ಒಂದೇ ದಿಕ್ಕಿಗೆ. ಸಂಘದ ಕಾರ್ಯಕ್ರಮದ ದಿನ ‘ಈಳಿಗೆ ತನ್ನಿ’ ಅಂದು ನೋಡಿ. ಈ ಕೆಲಸಕ್ಕೆ ನಿಮ್ಮಷ್ಟು ಹತ್ತಿರದವರು ಇನ್ಯಾರೂ ಸಿಗುವುದಿಲ್ಲ.

ಮುಲುಂಡ್, ಘಾಟ್ಕೋಪರ್ ಕಡೆ ಗುಜರಾತಿ, ಜೈನ ಮನೆಗಳು ಬಹಳ. ‘ಮೀನಿನ ಚಾಕು ಮಸೆದ ಕಲ್ಲೇ ನಮ್ಮದಕ್ಕೂ?’ ಅಂತ ಖಂಡಿತ ಕೇಳುತ್ತಾರೆ. ಬೇರೆ ಕಲ್ಲು, ಬೇರೆ ಬಟ್ಟೆ, ಬೇರೆ ಬಕೆಟ್ ಇಡಿ. ಅದು ಆಗದಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ, ಸುಳ್ಳು ಬೇಡ. ಯಾರ ಚಾಕುವೇ ಆಗಲಿ, ಬಂದ ಕೂಡಲೇ ಒಮ್ಮೆ, ಕೊಡುವ ಮುಂಚೆ ಒಮ್ಮೆ ಸೋಪು ಹಾಕಿ ತೊಳೆಯಿರಿ. ಕಲ್ಲಿನ ಕೆಸರು ಹಿಡಿಯ ಸಂದಿಯಲ್ಲಿ ಕೂತಿರುತ್ತದೆ. ಮಳೆಗಾಲದಲ್ಲಿ ಕಬ್ಬಿಣದ ಅಲಗು ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಪೂರ್ತಿ ಒಣಗಿಸಿ, ತಿನ್ನಲು ಯೋಗ್ಯವಾದ ಮಿನರಲ್ ಆಯಿಲ್ ತೆಳ್ಳಗೆ ಸವರಿ.

ಹರಿತ ಚಾಕು ಕೈ ಕೊಯ್ಯುತ್ತದೆ ಎಂಬ ಹೆದರಿಕೆ ಪೂರ್ತಿ ಸುಳ್ಳಲ್ಲ. ಮೊಂಡು ಚಾಕು ಜಾರಿ ಕೈಗೆ ಬರುತ್ತದೆ, ಅದು ನಿಜ. ಆದರೆ ಮೊಂಡಿಗೆ ಒತ್ತಿ ಒತ್ತಿ ರೂಢಿಯಾದವರು ಹೊಸ ಅಂಚಿಗೂ ಅಷ್ಟೇ ಒತ್ತುತ್ತಾರೆ. ಮೊದಲ ಎರಡು ಮೂರು ದಿನ ಗಾಯ ಆಗುವುದು ಹೀಗೆ. ಮನೆಯಲ್ಲಿ ವಯಸ್ಸಾದ ಅಮ್ಮ ಅಡುಗೆ ಮಾಡುತ್ತಿದ್ದರೆ ಅವರ ಕೈಗೇ ಚಾಕು ಕೊಟ್ಟು, ಒಂದು ಟೊಮೆಟೊ ಅವರಿಂದಲೇ ಕತ್ತರಿಸಿ ತೋರಿಸಿ. ನಿಮ್ಮ ಮಟ್ಟಿಗೆ, ಟೆಟನಸ್ ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೇ ನೋಡಿಕೊಳ್ಳಿ. ಮುಂದೆ ಮೆಷಿನ್ ಬಂದರೆ ಕನ್ನಡಕ ಕಡ್ಡಾಯ. ತಿರುಗುವ ಚಕ್ರದ ಹತ್ತಿರ ಬಟ್ಟೆಯ ಗ್ಲೌಸ್ ಹಾಕಲೇಬೇಡಿ, ಕೈಯನ್ನೇ ಎಳೆದುಕೊಳ್ಳುತ್ತದೆ.

ಕಾನೂನಿನ ಕಡೆ ಹೆದರುವಂಥದ್ದು ಕಡಿಮೆ. ಸೇವೆಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಉಚಿತ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯಲ್ಲಿ, ನಿಮ್ಮಂತೆ ಒಬ್ಬರೇ ಕೆಲಸ ಮಾಡುವವರು ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಸಾಕು. ಮುಂದೆ ಗಾಳಾ (ಕೆಲಸಕ್ಕೆ ಬಾಡಿಗೆಗೆ ಸಿಗುವ ಸಣ್ಣ ಮಳಿಗೆ) ಹಿಡಿದು ಮೋಟಾರ್ ಓಡಿಸುವುದಾದರೆ ಮುಲುಂಡ್‌ಗೆ ಸೇರಿದ ಪಾಲಿಕೆಯ ಟಿ ವಾರ್ಡ್ ಕಚೇರಿಯಲ್ಲಿ ಮೊದಲೇ ಕೇಳಿ. ನಿಮಗೆ ನಿಜವಾದ ತೊಡಕು ಮನೆಯ ಒಪ್ಪಂದ. ಲೀವ್ ಅಂಡ್ ಲೈಸೆನ್ಸ್ ಪತ್ರದಲ್ಲಿ ‘ವಾಸಕ್ಕೆ ಮಾತ್ರ’ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಮಾಲೀಕರಿಗೂ ಸೊಸೈಟಿಯ ಕಾರ್ಯದರ್ಶಿಗೂ ಬಾಯಿಮಾತಿನಲ್ಲಾದರೂ ತಿಳಿಸಿ. ಗಿರಾಕಿಗಳು ಮೆಟ್ಟಿಲು ಹತ್ತಿ ಬರುವ ಬದಲು ನೀವೇ ಹೋಗಿ ತರುವುದು ಒಳ್ಳೆಯದು.

ಆದರೆ ಹಾಗೆ ತರುವುದರಲ್ಲೂ ಎಚ್ಚರ ಬೇಕು. ಮುಂಬೈನಲ್ಲಿ ಪೊಲೀಸರು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ ಕಲಂ 37ರ ಕೆಳಗೆ ಆಗಾಗ ಆದೇಶ ಹೊರಡಿಸಿ, ಚಾಕು, ಕತ್ತಿ ಹಿಡಿದು ಓಡಾಡುವುದನ್ನು ನಿಷೇಧಿಸುತ್ತಾರೆ. ಮೆಟ್ರೊ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಹತ್ತು ಚಾಕು ಕಂಡರೆ ಒಳಗೆ ಬಿಡುವುದಿಲ್ಲ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಂತೂ ಬೇಡವೇ ಬೇಡ. ನಡೆದು ಅಥವಾ ರಿಕ್ಷಾದಲ್ಲಿ ಹೋಗುವಷ್ಟು ದೂರಕ್ಕೇ ಕೆಲಸ ಇಟ್ಟುಕೊಳ್ಳಿ. ಪ್ರತಿ ಅಲಗಿಗೂ ರಟ್ಟಿನ ಒರೆ ಹಾಕಿ, ಮುಚ್ಚಳ ಬಿಗಿಯುವ ಡಬ್ಬಿಯಲ್ಲಿಡಿ. ಅಡುಗೆಗೂ ಕೃಷಿಗೂ ಅಲ್ಲದ ಉದ್ದ ಕತ್ತಿ, ಕಠಾರಿ ತಂದವರಿಗೆ ಸಂಘದ ಪರಿಚಯದವರಾದರೂ ಆಗಲ್ಲ ಅನ್ನಿ. 9 ಇಂಚು ಮೀರಿದ ಅಥವಾ 2 ಇಂಚಿಗಿಂತ ಅಗಲದ ಅಂಥ ಅಲಗುಗಳು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ.

ಕೊನೆಗೆ ದುಬಾರಿ ಚಾಕು ಹಾಳಾಗುವ ಭಯ. ಚಾಕು ಕೈಗೆ ಬಂದ ಕೂಡಲೇ ಗಿರಾಕಿಯ ಮುಂದೆಯೇ ಎರಡೂ ಬದಿಯ ಫೋಟೊ ತೆಗೆಯಿರಿ. ಮೊನೆ, ಕಚ್ಚು, ಸಡಿಲ ಹಿಡಿ ಏನಿದ್ದರೂ ಚೀಟಿಯಲ್ಲಿ ಬರೆದು, ಮುರಿದ ಮೊನೆ ಸರಿ ಮಾಡಿದರೆ ಅಲಗು ಅಷ್ಟು ಗಿಡ್ಡ ಆಗುತ್ತದೆ ಎಂಬುದನ್ನೂ ಸೇರಿಸಿ. ಒಂದು ಬದಿ ಮಾತ್ರ ಅಂಚಿರುವ ಜಪಾನಿ ಚಾಕು, ಎಂಟು ಹತ್ತು ಸಾವಿರದ ಚಾಕು ಬಂದರೆ ಈ ವರ್ಷ ಬೇಡ ಅನ್ನಿ. ನಿಮ್ಮ ಕೈಯಿಂದಲೇ ಹಾಳಾದರೆ ಹೊಸದರ ಬೆಲೆ ಕೊಡಬೇಕಾಗುತ್ತದೆ. ಆ ದುಡ್ಡಿಗಾಗಿ ಪ್ರತಿ ಗಳಿಕೆಯಿಂದ ಸ್ವಲ್ಪ ಪಕ್ಕಕ್ಕೆ ಇಡುತ್ತಾ ಬನ್ನಿ. ನಿಮ್ಮ ಹೆಂಡತಿ ಹೇಳುವ ತಲೆನೋವು ಬಹುಪಾಲು ಇಲ್ಲಿಂದ ಬರುವಂಥದ್ದೇ. ಈ ಲೆಕ್ಕ, ಈ ಚೀಟಿಗಳನ್ನು ಅವರಿಗೆ ತೋರಿಸಿ, ವಾರದಲ್ಲಿ ಯಾವ ದಿನ ಎಷ್ಟು ಹೊತ್ತು ಇದಕ್ಕೆ ಅಂತ ಅವರ ಜೊತೆಗೇ ಕೂತು ನಿಗದಿ ಮಾಡಿಕೊಳ್ಳಿ.